ಹಳಿ ಖಾಲಿ ಇದೆಯೇ?

ಭದ್ರಾವತಿ, ಶಿವಮೊಗ್ಗದ ಕಡೆ ರೇಡಿಯೊ ಕೇಳಿ ಬೆಳೆದವರಿಗೆ 675 ಎಂಬ ಸಂಖ್ಯೆ ಏನೆಂದು ಹೇಳಬೇಕಾಗಿಲ್ಲ. 1965ರಲ್ಲಿ ಶುರುವಾದ ಆಕಾಶವಾಣಿ ಭದ್ರಾವತಿ ಕೇಂದ್ರ ಮಧ್ಯಮ ತರಂಗಾಂತರದಲ್ಲಿ ನಿಂತಿದ್ದ ಜಾಗ ಅದು, 675 ಕಿಲೋಹರ್ಟ್ಸ್. ನಮ್ಮ ಮನೆಯ ರೇಡಿಯೊದ ಮುಳ್ಳು ಸಾಮಾನ್ಯವಾಗಿ ಅಲ್ಲೇ ಅಂಟಿಕೊಂಡಿರುತ್ತಿತ್ತು. ಆದರೆ ರಾತ್ರಿಯಾದರೆ ಕಷ್ಟ. ತಿರುಗಣೆಯನ್ನು ಕೂದಲೆಳೆಯಷ್ಟು ಆಚೆ ಸರಿಸಿದರೂ ಮಲಯಾಳಂ ನುಗ್ಗಿಬಿಡುತ್ತಿತ್ತು. ಅದು 684ರಲ್ಲಿದ್ದ ಕೋಳಿಕ್ಕೋಡ್ ಕೇಂದ್ರ. ವಾರ್ತೆ ಓದುವವರ ಕನ್ನಡದ ಬೆನ್ನಿಗೆ ಯಾರದೋ ಮಲಯಾಳಂ ಹಾಡು ಕೇಳಿಬರುವುದು ನಮಗೆ ಆಗ ಮೋಜು. ಅದರ ಹಿಂದೆ ಒಂದು ಒಪ್ಪಂದವಿತ್ತು ಅಂತ ಗೊತ್ತಾದದ್ದು ಬಹಳ ತಡವಾಗಿ. 675ಕ್ಕೂ 684ಕ್ಕೂ ನಡುವೆ 9 ಇದೆ. 1975ರಲ್ಲಿ ಜಿನೀವಾದಲ್ಲಿ ದೇಶದೇಶಗಳು ಕೂತು, ನಮ್ಮ ಭಾಗದ ಜಗತ್ತಿನಲ್ಲಿ ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ 9 ಕಿಲೋಹರ್ಟ್ಸ್ ಅಂತರ ಎಂದು ಆಕಾಶವನ್ನು ಸೈಟು ಹಂಚಿದ ಹಾಗೆ ಹಂಚಿಕೊಂಡಿದ್ದವು. 1978ರಲ್ಲಿ ಅದು ಜಾರಿಗೆ ಬಂತು. ಒಂದು ಕೇಂದ್ರದ ಪಾಲಿಗೆ ಬಂದ ಆ ಪಟ್ಟಿಯ ಅಗಲವೇ ಬ್ಯಾಂಡ್‌ವಿಡ್ತ್.

ಈಗ ಅದೇ ಊರಿನಲ್ಲಿ, ಬೇರೆ ಮುಳ್ಳು. ಮೊಬೈಲಿನ ಪರದೆಯ ಮೇಲೆ ಅರ್ಧಚಂದ್ರಾಕಾರದ ಮಾಪಕ, ಅದರಲ್ಲಿ ಓಲಾಡುತ್ತ ಏರುವ ಮುಳ್ಳು, ಕೊನೆಗೆ ಒಂದು ಸಂಖ್ಯೆ. ‘ನಮ್ಮ ಮನೆಯಲ್ಲಿ ನಲವತ್ತು ಬರುತ್ತೆ, ನಿಮ್ಮಲ್ಲಿ ಎಷ್ಟು?’ ಅಂತ ಮಳೆಯ ಲೆಕ್ಕ ಕೇಳಿದ ಹಾಗೆ ಕೇಳುತ್ತಾರೆ. ಇದನ್ನೂ ಬ್ಯಾಂಡ್‌ವಿಡ್ತ್ ಎಂದೇ ಕರೆಯುತ್ತೇವೆ. ಹಾರ್ಟ್ಲಿ ಮತ್ತು ನೈಕ್ವಿಸ್ಟ್ 1920ರ ದಶಕದಲ್ಲಿ, ಕ್ಲಾಡ್ ಶ್ಯಾನನ್ 1948ರಲ್ಲಿ, ಪಟ್ಟಿಯ ಅಗಲಕ್ಕೂ ಅದರೊಳಗೆ ಸೆಕೆಂಡಿಗೆ ಎಷ್ಟು ಸುದ್ದಿ ತೂರಿಸಬಹುದು ಎಂಬುದಕ್ಕೂ ಸಂಬಂಧ ತೋರಿಸಿಕೊಟ್ಟರು. ಆಮೇಲೆ ಕಂಪ್ಯೂಟರಿನವರು ಅಗಲದ ಮಾತನ್ನು ಕೈಬಿಟ್ಟು ಸೆಕೆಂಡಿಗೆ ಎಷ್ಟು ಬಿಟ್ ಎಂಬುದಕ್ಕೇ ಆ ಹೆಸರನ್ನು ಇಟ್ಟುಕೊಂಡರು. ಹೆಸರು ಎರವಲು ಪಡೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಎರವಲಿನ ಜೊತೆಗೆ ಒಂದು ಭ್ರಮೆಯೂ ಬಂತು. ರೇಡಿಯೊ ಕೇಂದ್ರದ 9 ಕಿಲೋಹರ್ಟ್ಸ್ ಅದರದ್ದೇ ಸ್ವತ್ತು, ಬೆಳಿಗ್ಗೆಯೂ ಅಷ್ಟೇ ಸಂಜೆಯೂ ಅಷ್ಟೇ. ಇಂಟರ್ನೆಟ್ಟಿನಲ್ಲಿ ಹಾಗಲ್ಲ. ದಾರಿ ಎಲ್ಲರದು. ಅದು ಎಷ್ಟು ಅಗಲ ಎನ್ನುವುದು ಒಂದು ಪ್ರಶ್ನೆ, ಈಗ ಈ ಗಳಿಗೆಯಲ್ಲಿ ಅದರಲ್ಲಿ ನನಗೆಷ್ಟು ಜಾಗ ಉಳಿದಿದೆ ಎನ್ನುವುದು ಪೂರ್ತಿ ಬೇರೆ ಪ್ರಶ್ನೆ. ಎರಡನೆಯದನ್ನು ಅಳೆಯುವುದು ಹೇಗೆ ಎಂದು ಮನುಷ್ಯರು ಪಟ್ಟ ಪಾಡಿನ ಕಥೆ ನನಗೆ ಬಹಳ ಇಷ್ಟ. ಅದನ್ನು ಹೇಳಲು ಭದ್ರಾವತಿಯಿಂದಲೇ ಹೊರಡುತ್ತೇನೆ, ರೈಲಿನಲ್ಲಿ.

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ರೈಲು ಬಂದದ್ದು 1899ರಲ್ಲಿ. ತರೀಕೆರೆ ದಾಟಿ ಬರುವ ಆ ದಾರಿಯಲ್ಲಿ ಬೆಂಕಿಪುರ ಎಂಬ ಸಣ್ಣ ಊರಿತ್ತು. ಅದೇ ಇವತ್ತಿನ ಭದ್ರಾವತಿ. ವಿಶ್ವೇಶ್ವರಯ್ಯನವರು ಹಟ ಹಿಡಿದು ಕಟ್ಟಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು, ಸುತ್ತಲ ಕಾಡಿನಿಂದ ಇದ್ದಿಲಿಗೆ ಸೌದೆ ಬರತೊಡಗಿತು. ತಯಾರಾದ ಕಬ್ಬಿಣ ಹೊರಗೆ ಹೋಗಬೇಕಾಗಿತ್ತು. 1930ರ ದಶಕದಲ್ಲಿ ಪಕ್ಕದಲ್ಲೇ ಕಾಗದದ ಕಾರ್ಖಾನೆಯೂ ಎದ್ದಿತು. ಅತ್ತ ಶಿವಮೊಗ್ಗದಿಂದ ಮುಂದಕ್ಕೆ ಹಳಿ ಹಬ್ಬುತ್ತ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಇಷ್ಟೆಲ್ಲಕ್ಕೂ ಇದ್ದದ್ದು ಒಂಟಿ ಹಳಿ.

ಒಂಟಿ ಹಳಿಯ ದಾರಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಮ್ಮೆಗೆ ಒಂದೇ ರೈಲು ಇರಬಹುದು. ಹಳೆಯ ಕಾಲದಲ್ಲಿ ಅದನ್ನು ಕಾಯುತ್ತಿದ್ದದ್ದು ಟೋಕನ್. ಸ್ಟೇಷನ್ ಮಾಸ್ತರರ ಕೋಣೆಯ ಯಂತ್ರದಿಂದ ಒಂದು ಲೋಹದ ಗುಂಡು ಹೊರಬರಬೇಕಾದರೆ ಮುಂದಿನ ನಿಲ್ದಾಣದವರು ತಂತಿಯ ಮೂಲಕ ಒಪ್ಪಿಗೆ ಕೊಡಬೇಕು. ಗುಂಡನ್ನು ಚೀಲದಲ್ಲಿ ಹಾಕಿ, ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಓಡುವ ಇಂಜಿನ್ನಿನ ಚಾಲಕನ ತೋಳಿಗೆ ಸಿಗುವ ಹಾಗೆ ಹಿಡಿಯುತ್ತಿದ್ದರು. ಗುಂಡು ಕೈಯಲ್ಲಿದ್ದರೆ ಹಳಿ ನಿನ್ನದು, ಇಲ್ಲದಿದ್ದರೆ ಅಲ್ಲೇ ನಿಲ್ಲು. (ಮುಂದೆ ಐಬಿಎಂನವರು ಕಚೇರಿಯ ಕಂಪ್ಯೂಟರುಗಳನ್ನು ಜೋಡಿಸುವ ಒಂದು ಬಗೆಗೆ ‘ಟೋಕನ್ ರಿಂಗ್’ ಎಂದು ಹೆಸರಿಟ್ಟಾಗ ಹಳೆಯ ರೈಲ್ವೆಯವರಿಗೆ ನಗು ಬಂದಿರಬೇಕು.)

ಇಂಥ ದಾರಿಯ ಮೇಲೆ ದಿನಕ್ಕೆ ಎಷ್ಟು ರೈಲು ಓಡಿಸಬಹುದು? ಭಾರತೀಯ ರೈಲ್ವೆಯಲ್ಲಿ ಇದಕ್ಕೆ ಸ್ಕಾಟ್ ಸೂತ್ರ ಎಂಬ ಸರಳ ಲೆಕ್ಕವಿದೆ. ದಾರಿಯಲ್ಲಿರುವ ಎಲ್ಲ ನಿಲ್ದಾಣಗಳ ನಡುವಿನ ತುಂಡುಗಳಲ್ಲಿ ದಾಟಲು ಅತಿ ಹೆಚ್ಚು ಹೊತ್ತು ಹಿಡಿಯುವ ತುಂಡನ್ನು ಹುಡುಕಿ. ನಿಧಾನದ ಗಾಡಿ ಅದನ್ನು ದಾಟಲು ಬೇಕಾಗುವ ನಿಮಿಷಗಳಿಗೆ ಮಾಸ್ತರರ ಕೊಡುಕೊಳ್ಳುವಿಕೆಯ ನಿಮಿಷಗಳನ್ನು ಕೂಡಿಸಿ. ದಿನದ 1440 ನಿಮಿಷಗಳನ್ನು ಅದರಿಂದ ಭಾಗಿಸಿ. ಬಂದದ್ದನ್ನು ಪೂರ್ತಿ ನಂಬದೆ ಶೇಕಡಾ 70 ಮಾತ್ರ ಇಟ್ಟುಕೊಳ್ಳಿ. ದಾಟಲು 20 ನಿಮಿಷ, ಕೊಡುಕೊಳ್ಳಲು 5 ನಿಮಿಷ ಅಂತಿಟ್ಟುಕೊಂಡರೆ 1440ನ್ನು 25ರಿಂದ ಭಾಗಿಸಿ 57 ಚಿಲ್ಲರೆ, ಅದರ ಶೇಕಡಾ 70 ಎಂದರೆ ಸುಮಾರು 40. ಎರಡೂ ದಿಕ್ಕಿಗೆ ಸೇರಿ ದಿನಕ್ಕೆ 40 ರೈಲು. ಈಗಾಗಲೇ 30 ಓಡುತ್ತಿದ್ದರೆ ಉಳಿದದ್ದು 10. ದಾರಿ ಇನ್ನೂರು ಮೈಲಿ ಇರಲಿ, ಎಲ್ಲವನ್ನೂ ನಿರ್ಧರಿಸುವುದು ಆ ಒಂದು ಕೆಟ್ಟ ತುಂಡು.

ಬ್ಯಾಂಡ್‌ವಿಡ್ತ್ ಅಳೆಯುವವರಿಗೆ ಬೇಕಾದ ಮೂರೂ ಮಾತುಗಳು ಇದರಲ್ಲೇ ಇವೆ: ದಾರಿಯ ಒಟ್ಟು ಸಾಮರ್ಥ್ಯ, ಅದರಲ್ಲಿ ಉಳಿದದ್ದು, ಮತ್ತು ಅದನ್ನು ಕಟ್ಟಿಹಾಕಿರುವ ಇಕ್ಕಟ್ಟಿನ ಜಾಗ. ಒಂದೇ ವ್ಯತ್ಯಾಸ. ರೈಲ್ವೆಯಲ್ಲಿ ಎಲ್ಲವನ್ನೂ ಕಾಣುವ ಕಂಟ್ರೋಲರ್ ಇರುತ್ತಾನೆ. ಯಾವ ಗಾಡಿ ಎಲ್ಲಿದೆ ಎಂದು ಅವನ ಮುಂದಿನ ನಕ್ಷೆಯಲ್ಲಿ ಗೆರೆ ಎಳೆದಿರುತ್ತದೆ. ಇಂಟರ್ನೆಟ್ಟಿನಲ್ಲಿ ಆ ಮನುಷ್ಯನೇ ಇಲ್ಲ. ಶಿವಮೊಗ್ಗದ ಮನೆಯಿಂದ ಹೊರಟ ಮಾತು ಒಂದು ಕಂಪನಿಯ ತಂತಿಯಲ್ಲಿ ಹೋಗಿ, ಇನ್ನೊಂದರ ಗಾಜಿನ ಎಳೆ ಹಿಡಿದು, ಸಮುದ್ರದ ಕೆಳಗೆ ಮೂರನೆಯವರ ಕೇಬಲ್ ಹೊಕ್ಕು ಎಲ್ಲೋ ಏಳುತ್ತದೆ. ತಮ್ಮ ತಮ್ಮ ತುಂಡು ಎಷ್ಟು ತುಂಬಿದೆ ಎಂದು ಆಯಾ ಒಡೆಯರಿಗೆ ಗೊತ್ತು, ಹೇಳುವುದಿಲ್ಲ. ಇಡೀ ದಾರಿಯ ಸ್ಥಿತಿ ಯಾರಿಗೂ ಗೊತ್ತಿಲ್ಲ. ಹಾಗಾಗಿ ತುದಿಯಲ್ಲಿ ಕೂತವನು ಊಹಿಸಬೇಕು. ಸ್ಟೇಷನ್ನಿಗೆ ಹೋಗದೆ, ಬರುವ ರೈಲಿನ ತಡವನ್ನು ಮಾತ್ರ ನೋಡಿ, ನಡುವೆ ಎಲ್ಲಿ ಎಷ್ಟು ಗಾಡಿಗಳಿವೆ ಎಂದು ಹೇಳುವ ಆಟ ಇದು.

ನಡುವೆ ಟೆಲಿಫೋನಿನ ಅಧ್ಯಾಯವೊಂದಿದೆ, ಅದನ್ನು ಬೇಗ ದಾಟುತ್ತೇನೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಅಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲೂ 1917ರಲ್ಲೂ ಬರೆದ ಲೇಖನಗಳಲ್ಲಿ, ಇಷ್ಟು ಜನ ಇಷ್ಟಿಷ್ಟು ಹೊತ್ತು ಮಾತಾಡುವ ಊರಿಗೆ ಎಷ್ಟು ತಂತಿ ಹಾಕಿದರೆ ಸಾಕು ಎಂಬ ಲೆಕ್ಕ ಹಾಕಿಕೊಟ್ಟ. ದಟ್ಟಣೆಯ ಅಳತೆಗೆ ಇವತ್ತಿಗೂ ಅವನ ಹೆಸರೇ ಇದೆ. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಫೋನಿನ ಪಕ್ಕ ಕೂತವರಿಗೆ, ಸಾಕೆನಿಸುವಷ್ಟು ತಂತಿ ನಮ್ಮ ಕಡೆ ಹಾಕಿರಲಿಲ್ಲ ಎಂದು ತಿಳಿಯಲು ಎರ್ಲಾಂಗ್ ಬೇಕಾಗಿರಲಿಲ್ಲ. ಆದರೆ ಫೋನಿನದ್ದು ಒಂದು ಬಗೆಯಲ್ಲಿ ಪ್ರಾಮಾಣಿಕ ವ್ಯವಹಾರ. ಲೈನ್ ಸಿಕ್ಕಿತೋ, ಮಾತು ಮುಗಿಯುವವರೆಗೆ ಅದು ನಿಮ್ಮದು. ಸಿಗಲಿಲ್ಲವೋ, ಎಂಗೇಜ್ ಸದ್ದು ಕೇಳುತ್ತದೆ. ಅರ್ಧ ಲೈನ್ ಎಂಬುದಿಲ್ಲ.

1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿತು. 128 ಪೋರ್ಟುಗಳ, ಹವಾನಿಯಂತ್ರಣ ಬೇಡದ, ನಮ್ಮ ಧೂಳಿಗೂ ಸೆಕೆಗೂ ಒಗ್ಗುವ ಪೆಟ್ಟಿಗೆ. ಆಮೇಲಿನ ವರ್ಷಗಳಲ್ಲಿ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಎದ್ದದ್ದರ ಹಿಂದೆ ಅಂಥ ಪೆಟ್ಟಿಗೆಗಳಿದ್ದವು. ಅದೇ ವರ್ಷ, ಮೂರೇ ತಿಂಗಳ ನಂತರ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ವಿಚಿತ್ರ ನಡೆಯಿತು.

ಅಲ್ಲಿನ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ ದೂರ. ನಮ್ಮ ಗಾಂಧಿ ಬಜಾರಿನಲ್ಲಿ ಒಂದಿಷ್ಟು ಅಂಗಡಿ ದಾಟಿ ನಡೆದರೆ ಮುಗಿಯುವಷ್ಟು. ಆ ನಡುವೆ ಸೆಕೆಂಡಿಗೆ 32,000 ಬಿಟ್ ಹರಿಯುತ್ತಿದ್ದದ್ದು 1986ರ ಅಕ್ಟೋಬರಿನಲ್ಲಿ ಇದ್ದಕ್ಕಿದ್ದಂತೆ 40 ಬಿಟ್‌ಗೆ ಇಳಿಯಿತು. ನಲವತ್ತು ಸಾವಿರವಲ್ಲ, ನಲವತ್ತು. ಎರಡು ಸಾವಿರ ಅಕ್ಷರಗಳ ಒಂದು ಪುಟ ಅರ್ಧ ಸೆಕೆಂಡಿನಲ್ಲಿ ಹೋಗುತ್ತಿದ್ದದ್ದು ಆರೂವರೆ ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳತೊಡಗಿತು. ಓಡಿಹೋಗಿ ಕೊಟ್ಟುಬಂದಿದ್ದರೆ ಬೇಗ ಆಗುತ್ತಿತ್ತು. ಹಾಗಂತ ತಂತಿ ತುಂಡಾಗಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಸುದ್ದಿ ಹೋಗುವುದು ಪ್ಯಾಕೆಟ್ಟುಗಳಾಗಿ. ದಾರಿಯಲ್ಲಿ ಜಾಗ ಸಾಲದಿದ್ದರೆ ಪ್ಯಾಕೆಟ್ಟುಗಳು ಸರತಿಯಲ್ಲಿ ನಿಲ್ಲುತ್ತವೆ, ಸರತಿಯೂ ತುಂಬಿದರೆ ಬಿದ್ದುಹೋಗುತ್ತವೆ. ಉತ್ತರ ಬಾರದ ಕಂಪ್ಯೂಟರು ‘ಕಳೆದುಹೋಯಿತೇನೋ’ ಎಂದು ಅದನ್ನೇ ಮತ್ತೆ ಕಳಿಸುತ್ತದೆ. ಎಲ್ಲರೂ ಮತ್ತೆ ಕಳಿಸಿದರೆ ಸರತಿ ಇನ್ನಷ್ಟು ಉದ್ದವಾಗುತ್ತದೆ. ತುಂಬಿದ ಬಸ್ಸಿನ ಬಾಗಿಲಲ್ಲಿ ಒಳಗಿನವರು ಇಳಿಯುವ ಮೊದಲೇ ಹೊರಗಿನವರು ನುಗ್ಗಿದರೆ ಏನಾಗುತ್ತದೋ ಅದು.

ಆ ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್‌ಸನ್, ಮೈಕೆಲ್ ಕ್ಯಾರೆಲ್ಸ್ ಜೊತೆಗೂಡಿ ಇದಕ್ಕೆ ಕಂಡುಕೊಂಡ ಪರಿಹಾರ 1988ರಲ್ಲಿ ಪ್ರಕಟವಾಯಿತು. ಅದರ ತಿರುಳು ನಮ್ಮ ಹಿರಿಯರು ಹೇಳುವ ಮಾತಿನ ಹಾಗಿದೆ: ಸ್ವಲ್ಪ ಸ್ವಲ್ಪವೇ ಕೇಳು, ಇಲ್ಲ ಎಂದು ಗೊತ್ತಾದ ಕೂಡಲೇ ಹಿಂದೆ ಸರಿ. ಪ್ರತಿ ಕಂಪ್ಯೂಟರೂ ಮೊದಲು ಕೆಲವೇ ಪ್ಯಾಕೆಟ್ ಕಳಿಸಿ, ಮುಟ್ಟಿದ್ದಕ್ಕೆ ಉತ್ತರ ಬಂದರೆ ಹೆಚ್ಚಿಸುತ್ತ, ಒಂದು ಬಿದ್ದರೂ ಪಕ್ಕನೆ ತಗ್ಗಿಸಬೇಕು. ಇವತ್ತು ನೀವು ಈ ಬರಹವನ್ನು ತೆರೆದಾಗಲೂ ನಿಮ್ಮ ಫೋನು ಹೀಗೇ ತಡವರಿಸುತ್ತಲೇ ದಾರಿ ಕಂಡುಕೊಂಡಿತು. ಉಳಿದ ಜಾಗ ಎಷ್ಟೆಂದು ಅಳೆಯುವ ಮೊದಲ ದೊಡ್ಡ ಪ್ರಯೋಗ ಇದೇ ಅಂತ ನನ್ನ ಅಭಿಪ್ರಾಯ. ಅಳೆಯುತ್ತಿದ್ದೇವೆ ಎಂಬ ಹೆಸರಿಲ್ಲದೆ ಲಕ್ಷಾಂತರ ಯಂತ್ರಗಳು ಸೇರಿ ಮಾಡಿದ ಪ್ರಯೋಗ. ಆದರೆ ಇದರಲ್ಲಿ ಸಂಖ್ಯೆ ಸಿಗುವುದಿಲ್ಲ. ಎಡವಿದಾಗ ಮಾತ್ರ ಗೋಡೆ ಇತ್ತು ಅಂತ ಗೊತ್ತಾಗುತ್ತದೆ.

ಎಡವದೆ ತಿಳಿಯಬಹುದೇ? ಮೈಕ್ ಮ್ಯೂಸ್ ಎಂಬಾತ 1983ರ ಡಿಸೆಂಬರಿನಲ್ಲಿ ಬರೆದ ‘ಪಿಂಗ್’ ಆಗಲೇ ಎಲ್ಲರ ಕೈಯಲ್ಲಿತ್ತು. ಜಲಾಂತರ್ಗಾಮಿಗಳು ಸದ್ದು ಹೊಡೆದು ಮಾರ್ದನಿ ಕೇಳುವ ಹಾಗೆ ಒಂದು ಪ್ಯಾಕೆಟ್ ಕಳಿಸಿ, ಅದು ಹೋಗಿ ಬರಲು ಎಷ್ಟು ಹೊತ್ತಾಯಿತು ಎಂದು ಹೇಳುವ ಸಣ್ಣ ಪ್ರೋಗ್ರಾಂ. ಅದು ದೂರ ಹೇಳುತ್ತದೆ, ಅಗಲ ಹೇಳುವುದಿಲ್ಲ. ಅಗಲಕ್ಕೆ ಒಂದಲ್ಲ, ಎರಡು ಪ್ಯಾಕೆಟ್ ಬೇಕು ಎಂಬುದು ಮುಂದಿನ ಹೊಳಹು. ದೆಹಲಿ ಐಐಟಿಯಲ್ಲಿ ಓದಿ ಬರ್ಕ್ಲಿಗೆ ಹೋಗಿದ್ದ ಶ್ರೀನಿವಾಸನ್ ಕೇಶವ್ 1991ರಲ್ಲಿ ಇದನ್ನು ‘ಪ್ಯಾಕೆಟ್ ಜೋಡಿ’ಯ ವಿಧಾನವಾಗಿ ಮಂಡಿಸಿದರು.

ಇದನ್ನು ಭದ್ರಾ ನದಿಯ ಮೇಲಿನ ಒಂದು ಕಿರಿದಾದ ಸೇತುವೆಯಂತೆ ಕಲ್ಪಿಸಿಕೊಳ್ಳಿ. ಒಂದಕ್ಕೊಂದು ತಾಗಿಕೊಂಡು ಬಂದ ಎರಡು ಲಾರಿಗಳು. ಸೇತುವೆಯ ಮೇಲೆ ಒಮ್ಮೆಗೆ ಒಂದೇ ಲಾರಿ ಹೋಗಬೇಕು. ಮೊದಲನೆಯದು ದಾಟುವವರೆಗೆ ಎರಡನೆಯದು ಕಾಯುತ್ತದೆ. ಆಚೆ ದಡದಲ್ಲಿ ನಿಂತವನಿಗೆ ಸೇತುವೆ ಕಾಣದಿದ್ದರೂ, ಲಾರಿಗಳ ನಡುವೆ ಬಿದ್ದ ಅಂತರ ಕಾಣುತ್ತದೆ. ಆ ಅಂತರವೇ ಸೇತುವೆಯ ಅಳತೆ. ಆಮೇಲೆ ಎಷ್ಟು ಅಗಲದ ಹೆದ್ದಾರಿ ಸಿಕ್ಕರೂ, ಇಬ್ಬರೂ ಒಂದೇ ವೇಗದಲ್ಲಿ ಹೋದರೆ, ಅಂತರ ಹಾಗೇ ಉಳಿಯುತ್ತದೆ. ಪ್ಯಾಕೆಟ್ಟಿನಲ್ಲಿ 1500 ಬೈಟ್, ಅಂದರೆ 12,000 ಬಿಟ್ ಇದ್ದು, ಎರಡರ ನಡುವೆ 1.2 ಮಿಲಿಸೆಕೆಂಡ್ ಅಂತರ ಬಿದ್ದರೆ, ದಾರಿಯ ಅತಿ ಕಿರಿದಾದ ಕೊಂಡಿ ಸೆಕೆಂಡಿಗೆ 1 ಕೋಟಿ ಬಿಟ್, ಅಂದರೆ 10 ಮೆಗಾಬಿಟ್. ಯಾರನ್ನೂ ಕೇಳಲಿಲ್ಲ, ಎಲ್ಲಿಗೂ ಹೋಗಲಿಲ್ಲ, ಎರಡು ಪ್ಯಾಕೆಟ್ ಖರ್ಚು. ಮೊದಲ ಸಲ ಇದನ್ನು ಓದಿದಾಗ ಯಾರೋ ಜಾದೂ ತೋರಿಸಿದ ಹಾಗಾಗಿತ್ತು ನನಗೆ.

ಜಾದೂವಿನಲ್ಲಿ ಒಂದು ಬಿರುಕಿತ್ತು. ಎರಡು ಲಾರಿಗಳ ನಡುವೆ ಬೇರೆ ಊರಿನ ಮೂರನೇ ಗಾಡಿ ನುಗ್ಗಿಬಿಟ್ಟರೆ? ಅಂತರ ಹಿಗ್ಗುತ್ತದೆ, ಸೇತುವೆ ಇರುವುದಕ್ಕಿಂತ ಕಿರಿದಾಗಿ ತೋರುತ್ತದೆ. ಆ ಹಿಗ್ಗುವಿಕೆಯಿಂದಲೇ ದಟ್ಟಣೆಯನ್ನು ಅಳೆಯಬಹುದಲ್ಲ ಎಂದು ಬೋಸ್ಟನ್ ವಿಶ್ವವಿದ್ಯಾಲಯದ ಕಾರ್ಟರ್ ಮತ್ತು ಕ್ರೊವೆಲ್ಲಾ 1996ರಲ್ಲಿ ಎರಡರ ಬದಲು ಪ್ಯಾಕೆಟ್ಟುಗಳ ಸಾಲನ್ನೇ ಕಳಿಸಿ, ಬರುವ ವೇಗವೇ ಉಳಿದ ಬ್ಯಾಂಡ್‌ವಿಡ್ತ್ ಎಂದರು. ಐದು ವರ್ಷ ಹಾಗೇ ನಡೆಯಿತು. 2001ರಲ್ಲಿ ಡೊವ್ರೊಲಿಸ್, ರಾಮನಾಥನ್ ಮತ್ತು ಮೂರ್ ಎಂಬ ಮೂವರು, ‘ಈ ವಿಧಾನಗಳು ಅಳೆಯುತ್ತಿರುವುದಾದರೂ ಏನನ್ನು?’ ಎಂದು ಕೇಳುವ ಲೇಖನ ಬರೆದು, ಆ ಸಂಖ್ಯೆ ಒಟ್ಟು ಸಾಮರ್ಥ್ಯವೂ ಅಲ್ಲ, ಉಳಿದದ್ದೂ ಅಲ್ಲ, ಎರಡರ ನಡುವಿನ ಬೇರೇನೋ ಎಂದು ತೋರಿಸಿದರು. ನಮ್ಮ ವಿಮರ್ಶಾಲೋಕದಲ್ಲೂ ಯಾರಾದರೂ ಆಗೀಗ ಇಂಥ ಪ್ರಶ್ನೆ ಕೇಳಿದರೆ ಚೆನ್ನ.

ಇಲ್ಲಿಂದ ಕಥೆ ಬಿಗಿಯಾಗುತ್ತದೆ, ಸ್ವಲ್ಪ ನಿಧಾನವಾಗಿ ಹೋಗೋಣ. ದಾರಿಯಲ್ಲಿ ಎರಡು ಕೊಂಡಿಗಳಿವೆ ಅಂತಿಟ್ಟುಕೊಳ್ಳಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ 100 ಮೆಗಾಬಿಟ್‌ನದು, ಶಿವಮೊಗ್ಗದಿಂದ ಬೆಂಗಳೂರಿಗೆ 1000 ಮೆಗಾಬಿಟ್‌ನದು. (ಲೆಕ್ಕಕ್ಕೆಂದು ಹೇಳಿದ ಸಂಖ್ಯೆಗಳು, ಯಾರ ತಂತಿಯದ್ದೂ ಅಲ್ಲ.) ಮೊದಲನೆಯದರಲ್ಲಿ 20 ಬಳಕೆಯಾಗಿ 80 ಉಳಿದಿದೆ. ಎರಡನೆಯದರಲ್ಲಿ 950 ಬಳಕೆಯಾಗಿ 50 ಉಳಿದಿದೆ. ಕಿರಿದಾದ ಕೊಂಡಿ ಮೊದಲನೆಯದು. ಆದರೆ ನಿಮ್ಮನ್ನು ಕಟ್ಟಿಹಾಕುವುದು ಅದಲ್ಲ, ಹತ್ತು ಪಟ್ಟು ಅಗಲವಾಗಿರುವ ಎರಡನೆಯದು. ಕಿರಿದಾದದ್ದು ಬೇರೆ, ಬಿಗಿಯಾದದ್ದು ಬೇರೆ. ಪ್ಯಾಕೆಟ್ ಜೋಡಿ ಕಿರಿದಾದದ್ದನ್ನು ಹುಡುಕುತ್ತದೆ, ನಮಗೆ ಬೇಕಾದದ್ದು ಬಿಗಿಯಾದದ್ದು.

2002ರಲ್ಲಿ ಮನೀಶ್ ಜೈನ್ ಮತ್ತು ಕಾನ್‌ಸ್ಟಂಟೀನೊಸ್ ಡೊವ್ರೊಲಿಸ್ ‘ಪಾತ್‌ಲೋಡ್’ ಎಂಬ ವಿಧಾನ ಪ್ರಕಟಿಸಿದರು. ಇದು ಅರ್ಥವಾಗಲು ಮಲೆನಾಡಿನವರಿಗೆ ಮಳೆಗಾಲದ ಪತ್ರಿಕೆಯ ಒಳಪುಟ ಸಾಕು. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು, ಲಕ್ಕವಳ್ಳಿಯ ಭದ್ರಾ ಜಲಾಶಯದ ಮಟ್ಟ 186 ಅಡಿಯಲ್ಲಿ ಇವತ್ತು ಇಷ್ಟು. ಒಳಹರಿವು ಹೊರಹರಿವಿಗಿಂತ ಹೆಚ್ಚಾದರೆ ಮಟ್ಟ ಏರುತ್ತದೆ, ಕಡಿಮೆಯಾದರೆ ಏರುವುದಿಲ್ಲ. ಈಗ ಗೇಟು ಎಷ್ಟು ತೆರೆದಿದೆ ಎಂದು ನಿಮಗೆ ಯಾರೂ ಹೇಳುವುದಿಲ್ಲ, ಬೇರೆ ಹಳ್ಳಗಳಿಂದ ಎಷ್ಟು ಬರುತ್ತಿದೆ ಎಂಬುದೂ ಗೊತ್ತಿಲ್ಲ ಎನ್ನಿ. ನಿಮ್ಮ ಕೈಯಲ್ಲಿರುವುದು ನಿಮ್ಮ ಒಂದು ಕಾಲುವೆ ಮಾತ್ರ. ಅದರಿಂದ ಒಂದು ಪ್ರಮಾಣದಲ್ಲಿ ನೀರು ಬಿಡಿ. ಮಟ್ಟ ಏರುತ್ತಿದೆಯೇ? ಹಾಗಾದರೆ ನೀವು ಬಿಟ್ಟದ್ದು ಉಳಿದಿದ್ದ ಜಾಗಕ್ಕಿಂತ ಹೆಚ್ಚು. ಅರ್ಧ ಮಾಡಿ. ಏರುತ್ತಿಲ್ಲವೇ? ಸ್ವಲ್ಪ ಹೆಚ್ಚಿಸಿ. ಹೀಗೆ ನಡುವನ್ನು ಹಿಡಿಯುತ್ತ ಹೋದರೆ ಮಟ್ಟ ಏರಲು ಶುರುವಾಗುವ ಗಡಿ ಸಿಗುತ್ತದೆ. ಆ ಗಡಿಯೇ ಉಳಿದ ಜಾಗ.

ಇಂಟರ್ನೆಟ್ಟಿನಲ್ಲಿ ಮಟ್ಟ ಎಂದರೆ ಸರತಿಯ ಉದ್ದ, ಸರತಿಯ ಉದ್ದ ಎಂದರೆ ತಡ. ಪಾತ್‌ಲೋಡ್ ಸಮ ಅಂತರದಲ್ಲಿ ನೂರು ಪ್ಯಾಕೆಟ್ ಕಳಿಸುತ್ತದೆ. ಒಂದರ ನಂತರ ಒಂದಕ್ಕೆ ತಡ ಹೆಚ್ಚುತ್ತ ಹೋದರೆ ದಾರಿ ತುಂಬುತ್ತಿದೆ ಎಂದರ್ಥ. ಇದರಲ್ಲಿ ಒಂದು ಚೆಲುವಾದ ಜಾಣತನವಿದೆ. ಕಳಿಸುವ ಮತ್ತು ಪಡೆಯುವ ಕಂಪ್ಯೂಟರುಗಳ ಗಡಿಯಾರ ಹೊಂದಬೇಕಾಗಿಲ್ಲ. ಒಂದು ಹತ್ತು ನಿಮಿಷ ಮುಂದಿದ್ದರೂ ಚಿಂತೆಯಿಲ್ಲ, ಏಕೆಂದರೆ ತಡ ಎಷ್ಟು ಎಂದಲ್ಲ, ತಡ ಏರುತ್ತಿದೆಯೇ ಎಂದಷ್ಟೇ ನೋಡುವುದು. ಮರುವರ್ಷ ರೈಸ್ ವಿಶ್ವವಿದ್ಯಾಲಯದ ವಿನಯ್ ರಿಬೇರೊ ಮತ್ತು ಸಂಗಡಿಗರು ‘ಪಾತ್‌ಚರ್ಪ್’ ತಂದರು. ಅದರಲ್ಲಿ ಪ್ಯಾಕೆಟ್ಟುಗಳ ನಡುವಿನ ಅಂತರ ಕಡಿಮೆಯಾಗುತ್ತ ಆಗುತ್ತ ಹೋಗುತ್ತದೆ, ಹಕ್ಕಿಯ ಚಿಲಿಪಿಲಿ ಮೇಲಕ್ಕೇರುವ ಹಾಗೆ. ಆದ್ದರಿಂದ ಒಂದೇ ಸಾಲಿನಲ್ಲಿ ಹಲವು ವೇಗಗಳ ಪರೀಕ್ಷೆ ಆಗಿಬಿಡುತ್ತದೆ.

ಪಾತ್‌ಲೋಡ್ ಬಗ್ಗೆ ನನಗೆ ಗೌರವ ಮೂಡಿದ್ದು ಇನ್ನೊಂದು ಕಾರಣಕ್ಕೆ. ಅದು ಒಂದು ಸಂಖ್ಯೆ ಕೊಡುವುದಿಲ್ಲ. ‘ಇಷ್ಟರಿಂದ ಇಷ್ಟರ ನಡುವೆ’ ಎನ್ನುತ್ತದೆ. ಉಳಿದ ಜಾಗ ಎಂಬುದು ಗಳಿಗೆಗಳಿಗೆಗೂ ಬದಲಾಗುವಂಥದ್ದು, ಎಷ್ಟು ಹೊತ್ತಿನ ಸರಾಸರಿ ಎಂದು ಹೇಳದೆ ಅದಕ್ಕೆ ಅರ್ಥವೇ ಇಲ್ಲ. ಒಂದು ಕ್ಷಣಕ್ಕೆ ಹಿಡಿದು ನೋಡಿದರೆ ತಂತಿಯಲ್ಲಿ ಪ್ಯಾಕೆಟ್ ಇದೆ ಅಥವಾ ಇಲ್ಲ, ಅಷ್ಟೇ. 2004ರಲ್ಲಿ ಇದೇ ಜೈನ್ ಮತ್ತು ಡೊವ್ರೊಲಿಸ್, ಈ ಅಳತೆಯ ಸುತ್ತ ಬೆಳೆದ ಹತ್ತು ತಪ್ಪು ನಂಬಿಕೆಗಳ ಬಗ್ಗೆ ಇನ್ನೊಂದು ಲೇಖನ ಬರೆದರು. ತಾವೇ ಉತ್ತ ಹೊಲದಲ್ಲಿ ತಾವೇ ಕಳೆ ಕಿತ್ತರು.

ಜಗತ್ತು ಆ ಎಚ್ಚರವನ್ನು ಕೇಳಿಸಿಕೊಳ್ಳಲಿಲ್ಲ. 2006ರಲ್ಲಿ ಸ್ಪೀಡ್‌ಟೆಸ್ಟ್ ಬಂತು, ಮೊದಲು ಹೇಳಿದ ಮುಳ್ಳಿನ ಮಾಪಕ ಅದರದ್ದು. ಅದು ಮಾಡುವ ಕೆಲಸ ಬೇರೆ. ಉಳಿದ ಜಾಗವನ್ನು ಮೆಲ್ಲಗೆ ತಡವಿ ನೋಡುವುದಿಲ್ಲ, ಹತ್ತಿರದ ಸರ್ವರಿನಿಂದ ಹಲವು ಧಾರೆಗಳನ್ನು ಒಟ್ಟಿಗೆ ತೆರೆದು ಸಿಕ್ಕಷ್ಟನ್ನೂ ಬಾಚಿಕೊಳ್ಳುತ್ತದೆ, ಬಾಚಿದ್ದೆಷ್ಟು ಎಂದು ತೋರಿಸುತ್ತದೆ. ಅದರಲ್ಲಿ ಪಕ್ಕದ ಮನೆಯವರಿಂದ ಕಸಿದದ್ದೂ ಸೇರಿರಬಹುದು. ಸಂತರ್ಪಣೆಯಲ್ಲಿ ಎಷ್ಟು ಅನ್ನ ಉಳಿದಿದೆ ಎಂದು ತಿಳಿಯಲು ಒಬ್ಬನೇ ಕೂತು ಉಂಡು ನೋಡಿದ ಹಾಗೆ. ಆದರೂ ಅದು ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ಜನರಿಗೆ ವ್ಯಾಪ್ತಿ ಬೇಡ, ಒಂದು ಸಂಖ್ಯೆ ಬೇಕು.

ಸಂಖ್ಯೆ ಸರ್ಕಾರಕ್ಕೂ ಬೇಕಿತ್ತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಡಯಲ್-ಅಪ್ ಎಂದರೆ ಸೆಕೆಂಡಿಗೆ 9,600 ಬಿಟ್‌ನ ಆಸುಪಾಸು. ಆಮೇಲೆ ಮೋಡೆಮ್ಮಿನ ಕಿರಿಚಾಟವೂ ಗಂಟೆಗಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ಸೈಬರ್ ಕೆಫೆಗಳೂ ಶಿವಮೊಗ್ಗಕ್ಕೂ ಬಂದವು. ಒಂದು ಫೋಟೊ ಮೇಲಿಂದ ಕೆಳಗೆ ಪಟ್ಟಿಪಟ್ಟಿಯಾಗಿ ಇಳಿಯುವುದನ್ನು ಕಾಯುತ್ತ ಕೂತ ಪೀಳಿಗೆ ನಮ್ಮದು. 2004ರ ನೀತಿ, ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 256 ಕಿಲೋಬಿಟ್ ಬೇಕು ಎಂದಿತು. 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಮೆಗಾಬಿಟ್. 2016ರಲ್ಲಿ ಟ್ರಾಯ್ ಸಂಸ್ಥೆ ಜನರೇ ಅಳೆದು ಕಳಿಸಲೆಂದು ‘ಮೈಸ್ಪೀಡ್’ ಆ್ಯಪ್ ತಂದಿತು. ಇತ್ತ ಜಾಹೀರಾತುಗಳಲ್ಲಿ ‘ಇಷ್ಟು ಮೆಗಾಬಿಟ್‌ವರೆಗೆ’ ಎಂಬ ಮಾತು. ಆ ‘ವರೆಗೆ’ ಎಂಬ ಮೂರಕ್ಷರದಲ್ಲಿ ಸೊನ್ನೆಯೂ ಸೇರುತ್ತದೆ ಎಂಬುದನ್ನು ನಾವು ಗಮನಿಸುವುದಿಲ್ಲ.

ಸೊನ್ನೆ ಎಂದರೇನೆಂದು ಜಿಲ್ಲೆಗೆ ಗೊತ್ತಾದದ್ದು 2020ರಲ್ಲಿ. ಶಾಲೆ ಕಾಲೇಜು ಮುಚ್ಚಿ ಪಾಠ ಮೊಬೈಲಿಗೆ ಬಂತು. ಶಿವಮೊಗ್ಗ, ಭದ್ರಾವತಿ ನಗರಗಳಲ್ಲಿ ಮುಳ್ಳು ಏರಿ ಇಳಿಯುತ್ತಿದ್ದಾಗ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಮಕ್ಕಳು ಛತ್ರಿ ಹಿಡಿದು ಗುಡ್ಡ ಹತ್ತಿದರು. ಮರದ ಮೇಲೆ ಅಟ್ಟಣೆ ಕಟ್ಟಿಕೊಂಡವರೂ ಇದ್ದರು. ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲ ಎಂಬ ಕೂಗು ಎದ್ದದ್ದೂ ಆ ದಿನಗಳಲ್ಲೇ. ಬೇಸರದ ಸಂಗತಿ ಎಂದರೆ ಅವರಲ್ಲಿ ಕೆಲವರ ಫೋನಿನಲ್ಲಿ ಕಡ್ಡಿಗಳು ಪೂರ್ತಿ ಇದ್ದವು. ಕಡ್ಡಿಗಳು ಹೇಳುವುದು ಫೋನಿಗೂ ಟವರಿಗೂ ನಡುವಿನ ಅಲೆಯ ಬಲವನ್ನು. ಟವರಿನಿಂದಾಚೆ ಪೇಟೆಗೆ ಹೋಗುವ ಕೊಂಡಿ ಬಿಗಿದುಕೊಂಡಿದ್ದರೆ ಕಡ್ಡಿಗೆ ಅದು ಗೊತ್ತಾಗುವುದೇ ಇಲ್ಲ. ‘ಸಿಗ್ನಲ್ ಫುಲ್ ಇದೆಯಲ್ಲ, ಮತ್ತೇನು?’ ಎಂದು ಗ್ರಾಹಕ ಸೇವೆಯವರು ಕೇಳಿದಾಗ ನನ್ನ ಅಕ್ಕನ ಮಗಳಿಗೆ ಉತ್ತರ ತೋಚಿರಲಿಲ್ಲ. ಕಿರಿದಾದದ್ದು ಬೇರೆ, ಬಿಗಿಯಾದದ್ದು ಬೇರೆ ಎಂದು ಆಗ ಅವಳಿಗೆ ಹೇಳಿಕೊಡಬೇಕಿತ್ತು. ನನಗೇ ಇನ್ನೂ ಗೊತ್ತಿರಲಿಲ್ಲ.

ಮೊಬೈಲಿನ ವಿಷಯದಲ್ಲಿ ಪಾತ್‌ಲೋಡ್‌ನಂಥ ವಿಧಾನಗಳೂ ತಡವರಿಸುತ್ತವೆ. ಕಾಲುವೆಯ ಅಗಲವಾದರೂ ನಿಂತಿದೆ ಎಂದು ಅವು ನಂಬುತ್ತವೆ. ಗಾಳಿಯಲ್ಲಿ ಹೋಗುವ ಕೊಂಡಿಯಲ್ಲಿ ಅಗಲವೇ ಮಳೆಗೆ, ಎಲೆಗೆ, ಪಕ್ಕದಲ್ಲಿ ಫೋನ್ ಹಿಡಿದು ನಿಂತವರ ಸಂಖ್ಯೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಜುಲೈ ತಿಂಗಳ ಹುಲಿಕಲ್ ಘಾಟಿಯಲ್ಲಿ ಅದನ್ನು ಅಳೆಯಲು ಹೊರಟರೆ ಸಂಖ್ಯೆ ಬರೆದುಕೊಳ್ಳುವುದರೊಳಗೆ ಅದು ಸುಳ್ಳಾಗಿರುತ್ತದೆ.

ಮತ್ತೆ ಭದ್ರಾವತಿಗೆ ಬರುತ್ತೇನೆ. ಕಾಗದದ ಕಾರ್ಖಾನೆ 2015ರ ಸುಮಾರಿಗೆ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂದಾಗ ಕಾರ್ಮಿಕರು ಬೀದಿಗಿಳಿದರು. ಸ್ಕಾಟ್ ಸೂತ್ರದ ಕಣ್ಣಿನಲ್ಲಿ ನೋಡಿದರೆ ಸರಕಿನ ಗಾಡಿ ಕಡಿಮೆಯಾದಷ್ಟೂ ಹಳಿಯ ಮೇಲೆ ಉಳಿದ ಜಾಗ ಹೆಚ್ಚು. ಸೂತ್ರಕ್ಕೆ ಅದು ಒಳ್ಳೆಯ ಸುದ್ದಿ. ನಾನು ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಮನೆಯ ಇಂಟರ್ನೆಟ್ ಅಳೆದಾಗಲೂ ಮುಳ್ಳು ಎಂದೂ ಏರದಷ್ಟು ಏರುತ್ತದೆ. ಊರು ಮಲಗಿರುತ್ತದೆ, ದಾರಿಯಲ್ಲಿ ಯಾರೂ ಇರುವುದಿಲ್ಲ.

ಅಕ್ಕನ ಮನೆ ಇರುವುದು ಹೊಸನಗರದ ಕಡೆ. ಅವರ ತೋಟದ ಮೇಲಿನ ಬಂಡೆಗೆ ಈಗಲೂ ‘ನೆಟ್‌ವರ್ಕ್ ಕಲ್ಲು’ ಎಂದೇ ಹೆಸರು. ಹೋದ ವರ್ಷ ಊರಿಗೆ ಹೊಸ ಟವರ್ ಬಂತು. ‘ಈಗ ಮನೆಯಲ್ಲೇ ಸಿಗುತ್ತಲ್ಲ, ಇನ್ನೂ ಯಾಕೆ ಅಲ್ಲಿಗೆ ಹೋಗ್ತೀಯೆ?’ ಅಂತ ಕೇಳಿದೆ. ‘ಸಂಜೆ ಏಳರ ಮೇಲೆ ಎಲ್ಲರೂ ವಿಡಿಯೊ ನೋಡ್ತಾರೆ ಮಾಮ, ಆಗ ಮನೆಯಲ್ಲಿ ಏನೂ ತೆರೆಯಲ್ಲ. ಕಲ್ಲಿನ ಮೇಲೆ ಹೋದರೆ ಆಚೆ ಊರಿನ ಟವರ್ ಸಿಗುತ್ತೆ, ಅದರಲ್ಲಿ ಜನ ಕಮ್ಮಿ’ ಎಂದಳು.